ಹಲ್ಲಿನ ದವಾಖಾನೆಯ ಕೆಂಪು ಮೀನು

ಮೂರು ವರ್ಷಗಳ ಹಿಂದೆ ನಾನು ಬೆಳಗಾವಿಯ ಶಹಾಪುರದ ಅಕ್ವೇರಿಯಂ ಅಂಗಡಿಯೊಂದರಲ್ಲಿ ಟೆಕ್ನಿಶಿಯನ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸ ಗಾಜಿನ ಪಾಚಿ ಕೆರೆಯುವುದು. ನನಗೆ ಹೆಸರು ತಂದದ್ದು ಮಿಮಿಕ್ರಿ. ಮಾಲೀಕರ ಕೆಮ್ಮಿನಿಂದ ಹಿಡಿದು, ಹೆಣ್ಣು ನೋಡಲು ಹೋಗಿ ತೊದಲಿದ ನನ್ನವರೆಗೆ ಯಾರನ್ನೂ ಬಿಟ್ಟಿರಲಿಲ್ಲ.

ಆಗ ಖಾನಾಪುರದ ಹಲ್ಲಿನ ದವಾಖಾನೆಯೊಂದರಲ್ಲಿ ನಾಲ್ಕು ಅಡಿಯ ಉಪ್ಪುನೀರಿನ ಟ್ಯಾಂಕ್ ಕೂರಿಸಿದೆವು. ಅದರಲ್ಲೊಂದು ಸ್ಕ್ವಿರಲ್ ಫಿಶ್: ಕೆಂಪು ಮೈ, ಮುಖಕ್ಕೆ ಮಿಕ್ಕಿದ ಕಣ್ಣು. ಬೆಚ್ಚನೆಯ ಕಡಲಿನ ಹವಳದ ದಿಬ್ಬಗಳಲ್ಲಿ ಹಗಲೆಲ್ಲ ಪೊಟರೆಯೊಳಗೆ ಅಡಗಿ, ಕತ್ತಲಾದ ಮೇಲೆ ಸೀಗಡಿ ಹುಡುಕುತ್ತ ಹೊರಬರುವ ಮೀನು. ಇದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದೇ ಈಗ ಚುಚ್ಚುವುದು.

ತಿಂಗಳಾದ ಮೇಲೆ ಸರ್ವಿಸ್‌ಗೆ ಹೋದಾಗ ಡಾಕ್ಟರು ಬೇಸತ್ತಿದ್ದರು. "ಏನಪಾ, ಬರೇ ಕಲ್ಲ ನೋಡಾಕ ಟ್ಯಾಂಕ್ ಇಟ್ಟೇನೇನು? ಪೇಶಂಟ್ ಮಂದಿ ಮೀನ ಎಲ್ಲೈತ್ರಿ ಅಂತಾರ. ಕಲ್ಲ ತಗದ ಬಿಡು, ಲೈಟ್ ಜೋರ ಹಚ್ಚು."

ಕಸ ಹೊಡೆಯುತ್ತಿದ್ದ ಗಂಗವ್ವ ತಲೆ ಎತ್ತಿದಳು. ದಿನಾ ಬೆಳಿಗ್ಗೆ ದವಾಖಾನೆಯ ಬಾಗಿಲು ತೆರೆಯುವವಳು ಅವಳೇ. "ಬ್ಯಾಡೋ ತಮ್ಮಾ. ನಾ ಬಂದಾಗ ಲೈಟ್ ಇರಾಂಗಿಲ್ಲ, ಕೆಂಪಿ ಹೊರಗ ತಿರಗಾಡತಿರತಾಳ. ಲೈಟ್ ಹಚ್ಚಿದ್ರ ಕಲ್ಲಾಗ ಹೊಕ್ಕೊಂತಾಳ. ಅದ ಆಕಿ ಮನಿ. ಮನಿ ಕಿತ್ತರ ಸಾಯತಾಳ."

'ಗಂಗವ್ವ ಹೇಳಿದ್ದು ಸರಿ' ಎಂದಿದ್ದರೆ ಸಾಕಿತ್ತು. ಅದರ ಬದಲು ಟ್ಯಾಂಕ್ ಒರೆಸುವ ಬಟ್ಟೆಯನ್ನು ಸೆರಗಿನಂತೆ ತಲೆಗೆ ಹೊದ್ದು, ಸೊಂಟಕ್ಕೆ ಕೈಯಿಟ್ಟು, "ಮನಿ ಕಿತ್ತರ ಸಾಯತಾಳೋ ತಮ್ಮಾ!" ಎಂದು ಅವಳದೇ ದನಿಯಲ್ಲಿ ಎಳೆದೆ. ಡಾಕ್ಟರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಹಲ್ಲುನೋವಿನ ಪೇಶಂಟ್ ಕೂಡ ಊದಿದ ಕೆನ್ನೆ ಹಿಡಿದುಕೊಂಡು ನಕ್ಕ. ಆ ನಗುವಿನ ನಡುವೆಯೇ ಕಲ್ಲುಗಳನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ.

ಮೀನು ಮೂಲೆಯಿಂದ ಮೂಲೆಗೆ ಓಡಿತಂತೆ, ಗಾಜಿಗೆ ಮೂತಿ ಬಡಿದುಕೊಂಡಿತಂತೆ, ತಿನ್ನುವುದನ್ನೇ ಬಿಟ್ಟಿತಂತೆ. ಎಂಟನೆಯ ದಿನ ಡಾಕ್ಟರ ಫೋನ್ ಬಂದಾಗ ಕಲ್ಲಿನ ಚೀಲ ಹೊತ್ತು ಖಾನಾಪುರದ ಬಸ್ಸು ಹತ್ತಿದೆ. ನಾನು ಮುಟ್ಟುವ ಹೊತ್ತಿಗೆ ಗಂಗವ್ವ ಅದನ್ನು ದವಾಖಾನೆಯ ಹತ್ತಿಯಲ್ಲಿ ಸುತ್ತಿಟ್ಟಿದ್ದಳು.

"ಬೈಯಿ ಯವ್ವಾ," ಎಂದೆ.

"ಏನಂತ ಬೈಲೋ ತಮ್ಮಾ? ಅವತ್ತ ನಾನೂ ನಕ್ಕೆ. ಥೇಟ ನನ್ನಂಗ ಮಾಡಿದ್ದಿ. ನಗೂದ ಬಿಟ್ಟ ಇನ್ನೊಂದ ಸಲ ಹೇಳಿದ್ರ ಆಕಿ ಉಳೀತಿದ್ಲೇನೋ."

ನನ್ನ ತಪ್ಪಿನಲ್ಲಿ ಅವಳು ಪಾಲು ತೆಗೆದುಕೊಂಡದ್ದು ಇವತ್ತಿಗೂ ಅರಗಿಲ್ಲ. ಈಗ ಎಲ್ಲಿ ಟ್ಯಾಂಕ್ ಕೆಲಸಕ್ಕೆ ಹೋದರೂ, ಬೆಳಿಗ್ಗೆ ಮೊದಲು ಬಾಗಿಲು ತೆರೆಯುವವರು ಯಾರೆಂದು ಹುಡುಕಿ, ಮೀನು ಹೇಗಿದೆಯೆಂದು ಅವರನ್ನೇ ಕೇಳುತ್ತೇನೆ. ಅವರು ಹೇಳಿ ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿರುತ್ತೇನೆ. ಉಪ್ಪುನೀರಿನ ಹದ ಕಲಿಯಲು ನನಗೆ ಆರು ತಿಂಗಳು ಹಿಡಿದಿತ್ತು. ಇದನ್ನು ಇನ್ನೂ ಕಲಿಯುತ್ತಿದ್ದೇನೆ.