ಆಡಿನ ಮನೆಯ ಮುಂದಿನ ನೊಣಗಳು

ಇಂಥದ್ದನ್ನೆಲ್ಲ ನಾನು ನಂಬಿದವಳಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಅಜ್ಜಿ ಒಲೆಯ ಮುಂದೆ ಕೂತು, ಬತ್ತಿದ ಬಾವಿಯಲ್ಲಿ ಬಳೆ ಸದ್ದಾದದ್ದು, ಸತ್ತವರು ಬಂದು ನೀರು ಕೇಳಿದ್ದು, ಹೀಗೆ ಏನೇನೋ ಹೇಳುತ್ತಿದ್ದಳು. ನಾನು ಬಾಯಿ ತೆರೆದು ಕೇಳುತ್ತಿದ್ದೆ. ಮಾತು ಕಲಿತದ್ದೇ ಅವಳ ಬಾಯಿಂದ. ಆದರೂ ಕೊನೆಗೆ, "ಯವ್ವಾ, ಇದನ್ನ ನೀ ಖುದ್ದ ಕಂಡಿಯೇನ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಅವಳು ಕಂಡಿರುತ್ತಿರಲಿಲ್ಲ. ಅಲ್ಲಿಗೆ ಅದು ನನ್ನ ಮಟ್ಟಿಗೆ ಬರಿಯ ಕಥೆ. ಈಗ ಹೇಳಲಿರುವುದನ್ನು ನಾನು ಖುದ್ದಾಗಿ ಕಂಡಿದ್ದೇನೆ. ಓದಿ ನಕ್ಕರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಮ್ಮದು ಬ್ಯಾಡಗಿ. ಮನೆಯ ಹಿಂದೆ ದೊಡ್ಡದೊಂದು ತಗಡಿನ ಶೆಡ್ ಇದೆ. ಸುಗ್ಗಿಯಲ್ಲಿ ಹತ್ತು ಹನ್ನೆರಡು ಹೆಂಗಸರು ಅಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಆ ಕೆಲಸ ನೋಡಿಕೊಳ್ಳುವವಳು ನಾನು. ವರ್ಷಗಟ್ಟಲೆ ಆ ಘಾಟಿನಲ್ಲಿ ಓಡಾಡಿ ನನ್ನ ಮೂಗು ಸತ್ತುಹೋಗಿದೆ. ಸುಮ್ಮನೆ ಮಾತಿಗೆ ಹೇಳುತ್ತಿಲ್ಲ. ಹಾಲು ತಳ ಹತ್ತಿದರೂ, ಯಾರಾದರೂ ಮಲ್ಲಿಗೆ ದಂಡೆ ಮುಡಿದು ಪಕ್ಕದಲ್ಲೇ ಕೂತರೂ ನನಗೆ ತಿಳಿಯದು. ತೋರಿಸಿದ ಡಾಕ್ಟರು ಇನ್ನು ಇಷ್ಟೇ ಎಂದರು.

ವಾಸನೆ ತಿಳಿಯದ ಹೆಂಗಸಿಗೆ ಹೊಲಸಿನ ಭಯ ಹೆಚ್ಚು. ಎಲ್ಲಿ ಏನು ಕೊಳೆತಿದೆಯೋ, ಎಲ್ಲರಿಗೂ ಗೊತ್ತಾಗಿ ನನಗೊಬ್ಬಳಿಗೇ ಗೊತ್ತಿಲ್ಲವೋ ಎಂಬ ಅನುಮಾನ ಸದಾ ಕಾಡುತ್ತದೆ. ಹಾಗಾಗಿ ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುವುದು, ಒರೆಸಿದ ನೆಲವನ್ನೇ ಮತ್ತೆ ಒರೆಸುವುದು ನನ್ನ ಸ್ವಭಾವವಾಯಿತು. ಶೆಡ್ಡಿನಲ್ಲೂ ಒಂದು ಕಟ್ಟುನಿಟ್ಟು ಮಾಡಿದ್ದೆ. ಜನ ತಿನ್ನುವ ಪದಾರ್ಥ, ಗಾಯ ಹುಣ್ಣು ಇದ್ದವರು ಮಾಲು ಮುಟ್ಟಬಾರದು. ಈ ಸಂಗತಿ ನಡೆದದ್ದಕ್ಕಿಂತ ಹಿಂದಿನ ಸುಗ್ಗಿಯಲ್ಲಿ ಬೆರಳಲ್ಲಿ ಕೀವಾಗಿದ್ದ ಒಬ್ಬಳನ್ನು ಎಲ್ಲರೆದುರಿಗೇ ಎಬ್ಬಿಸಿ ಮನೆಗೆ ಕಳಿಸಿದ್ದೆ. ಆಗ ಅದು ಸರಿ ಎನಿಸಿತ್ತು.

ನಾಲ್ಕು ವರ್ಷದ ಹಿಂದಿನ ಮಾತು. ರಾಣೆಬೆನ್ನೂರಿನಲ್ಲಿರುವ ನನ್ನ ತಮ್ಮನ ಮಗಳು ಶ್ರಾವಣಿಗೆ ಆಗ ಪಿಯುಸಿ ಎರಡನೇ ವರ್ಷ. ಅವಳ ಹತ್ತಿರ ಕೈಯಲ್ಲಿ ಹಿಡಿದು ಆಡುವ ಗೇಮಿನ ಮಷೀನು ಒಂದಿತ್ತು. ಪರೀಕ್ಷೆ ಹತ್ತಿರ ಬಂತೆಂದು ತಮ್ಮ ಅದನ್ನು ಕಿತ್ತುಕೊಂಡು, ತನ್ನ ಮನೆಯಲ್ಲಿದ್ದರೆ ಹುಡುಕಿಬಿಡುತ್ತಾಳೆಂದು ನನ್ನ ಕಪಾಟಿನಲ್ಲಿ ಇಟ್ಟುಹೋದ. ಹದಿನೈದು ದಿನದ ಮೇಲೆ ಹುಡುಗಿಯ ಫೋನು ಬಂತು.

"ಅತ್ತೀ, ನನ್ನ ದ್ವೀಪ ಹಾಳಾಗ್ತೈತಿ. ದಿನಾ ಒಂದ್ ಹತ್ತು ನಿಮಿಷ ಕಸ ತಗದ್ರ ಸಾಕು."

"ಯಾವ ದ್ವೀಪನ ಅದು? ನಿಮ್ಮಪ್ಪ ನನಗ ಹೇಳದಂಗ ಯಾವಾಗ ತಗೊಂಡ?"

"ಗೇಮ್‌ನಾಗಿಂದ, ಅತ್ತೀ! ನೋಡ್ಲಿಲ್ಲಂದ್ರ ಕಳೆ ಬೆಳೀತಾವ. ಮನ್ಯಾಗ ಜೊಂಡಿಗ್ಯಾ ಬರ್ತಾವ."

"ಇಲ್ಲದ ಮನ್ಯಾಗ ಇಲ್ಲದ ಜೊಂಡಿಗ್ಯಾ. ಅವನ್ನ ನಾ ಹೊಡೀಬೇಕು. ಇಲ್ಲೆ ಖರೇ ಜೊಂಡಿಗ್ಯಾ ಕಡಿಮಿ ಆಗ್ಯಾವೇನ ನನಗ?"

"ನಿನ್ನಷ್ಟು ಚೊಕ್ಕ ಇಡೋರು ಮತ್ಯಾರದಾರ ಹೇಳು."

ಹುಡುಗಿ ಸರಿಯಾದ ಜಾಗಕ್ಕೇ ಹೊಡೆದಿದ್ದಳು. ಕಳೆ ಕೀಳಲು, ಜಿರಳೆ ಹೊಡೆಯಲು ಒಪ್ಪಿಕೊಂಡೆ.

ಮೊದಲ ದಿನ ನೋಡಿ ಜೀವ ಹೇಸಿತು. ಇಡೀ ದ್ವೀಪದ ತುಂಬ ಕಳೆ, ಮುರಿದ ಟೊಂಗೆ, ದಂಡೆಯಲ್ಲಿ ಹಳೆಯ ಬೂಟು, ಡಬ್ಬಿ. ನಮ್ಮ ಬೀದಿಯ ಗಟಾರದಲ್ಲಿ ಪ್ಲಾಸ್ಟಿಕ್ ಕೊಳೆತು ಬಿದ್ದಿರುವಾಗ, ಎಲ್ಲೂ ಇಲ್ಲದ ನೆಲದ ಕಸಕ್ಕಾಗಿ ಒಂದು ಹುಡುಗಿ ಗೋಗರೆಯುತ್ತಾಳಲ್ಲ ಎಂದು ಸಿಟ್ಟೂ ಬಂತು. ಆದರೆ ಒಂದು ವಾರದಲ್ಲಿ ಕೈ ಪಳಗಿತು. ಮಧ್ಯಾಹ್ನ ಉಂಡು, ಹೆಂಗಸರು ಶೆಡ್ಡಿನಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ, ನಾನು ಮಂಚದ ಮೇಲೆ ಕೂತು ಕಳೆ ಕೀಳುತ್ತಿದ್ದೆ. ಇಷ್ಟವಾಗತೊಡಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಅಲ್ಲಿ ಮನುಷ್ಯರಂತೆ ಬಟ್ಟೆ ಹಾಕಿಕೊಂಡ ಪ್ರಾಣಿಗಳು ವಾಸವಾಗಿದ್ದವು. ಒಂದು ಕರಡಿ, ಎರಡು ಬಾತುಕೋಳಿ, ದಂಡೆಯ ಹತ್ತಿರ ಹಳದಿ ಮನೆಯಲ್ಲಿ ಒಂದು ಮುದಿ ಆಡು. ನಾನು ಹೋದಾಗಲೆಲ್ಲ ಆ ಆಡು ಹೊರಗೆ ಬಂದು ತಲೆ ಕುಣಿಸುತ್ತಿತ್ತು.

ಒಂದು ದಿನ ಆ ಹಳದಿ ಮನೆಯ ಬಾಗಿಲ ಮುಂದೆ ನೊಣ ಹಾರುತ್ತಿದ್ದವು. ಕಸ ಬಿದ್ದರೆ ನೊಣ ಬರುತ್ತವೆ, ಎತ್ತಿದರೆ ಹೋಗುತ್ತವೆ ಎಂದು ಶ್ರಾವಣಿ ಮೊದಲೇ ಹೇಳಿದ್ದಳು. ಆದರೆ ಎತ್ತಲು ಅಲ್ಲಿ ಏನೂ ಇರಲಿಲ್ಲ. ನೆಲ ಅಗೆದೆ. ಹೂವಿನ ಗಿಡಗಳನ್ನೂ ಕಿತ್ತೆ. ನೊಣ ಹೋಗಲಿಲ್ಲ. ಆಗ ನನಗೆ ಗಬ್ಬು ವಾಸನೆ ಬಂತು.

ಎಷ್ಟೋ ವರ್ಷದ ಮೇಲೆ ಮೂಗಿಗೆ ಬಂದ ಮೊದಲ ವಾಸನೆ ಅದು. ವಾಸನೆ ಎಂದು ಗುರುತು ಹಿಡಿಯುವುದಕ್ಕೇ ಒಂದು ಗಳಿಗೆ ಬೇಕಾಯಿತು. ಚೀಲಗಳ ಸಂದಿಯಲ್ಲಿ ಇಲಿ ಸತ್ತು ಉಬ್ಬಿದಾಗ ಬರುವಂಥದ್ದು, ಅದರಲ್ಲಿ ಒಂದಿಷ್ಟು ಸಿಹಿ ಬೆರೆತಂಥದ್ದು. ನಾಲಗೆಗೆ ಅಂಟಿಕೊಳ್ಳುತ್ತಿತ್ತು. ಮಂಚದ ಕೆಳಗೆ ನೋಡಿದೆ, ಬಚ್ಚಲು ತೊಳೆದೆ, ಚೆನ್ನಾಗಿದ್ದ ಉಪ್ಪಿನಕಾಯಿಯನ್ನೂ ಚೆಲ್ಲಿದೆ. ಏನೂ ಸಿಗಲಿಲ್ಲ. ಮಷೀನು ಆರಿಸಿದರೆ ವಾಸನೆ ಇಲ್ಲ. ಹಚ್ಚಿ ದ್ವೀಪದ ಆಚೆ ತುದಿಗೆ ಹೋದರೆ ಇಲ್ಲ. ಆಡಿನ ಮನೆಯ ಹತ್ತಿರ ಬಂದರೆ ಗಂಟಲು ಹಿಡಿಯುತ್ತಿತ್ತು. ಐದಾರು ಸಲ ಹೀಗೆ ಮಾಡಿ ನೋಡಿದೆ. ಸ್ಪಿರಿಟ್ ಹಚ್ಚಿ ಮಷೀನು ಒರೆಸಿದೆ, ಸೀಗೆಪುಡಿಯಿಂದ ಕೈ ತಿಕ್ಕಿಕೊಂಡೆ. ರಾತ್ರಿ ತುತ್ತು ಇಳಿಯಲಿಲ್ಲ. ಶ್ರಾವಣಿಗೆ ಫೋನು ಮಾಡಿದರೆ ಅವಳು ಬಿದ್ದು ಬಿದ್ದು ನಕ್ಕಳು.

"ಗೇಮ್ ಎಲ್ಲಿಯರ ನಾರತೈತೇನ ಅತ್ತೀ? ಅದೂ ನಿನ್ನ ಮೂಗಿಗೆ!"

ಮರುದಿನ ನೊಣ ಇನ್ನೂ ಹೆಚ್ಚಾಗಿದ್ದವು. ಮೂರನೆಯ ದಿನ ಆಡು ಹೊರಗೆ ಬರಲಿಲ್ಲ. ಬಾಗಿಲು ತೆಗೆದು ಒಳಗೆ ಹೋದೆ. ಅದು ಮೂಲೆಯಲ್ಲಿ ನೆಲದ ಮೇಲೆ ಕೂತಿತ್ತು. ಒಂದು ಕಾಲು ಚಾಚಿಕೊಂಡಿತ್ತು, ಆ ಕಾಲಿನ ಮೇಲೆ ಚಾಪೆ ಎಳೆದುಕೊಂಡಿತ್ತು. ನಾನು ಗುಂಡಿ ಒತ್ತಿದರೆ ತಲೆ ಎತ್ತಿ ನೋಡಿತು. ಆ ಗಬ್ಬು ತಡೆಯಲಾಗಲಿಲ್ಲ. ಮಷೀನು ಮಂಚದ ಮೇಲೆ ಎಸೆದು, ಉಸಿರು ತೆಗೆದುಕೊಂಡರೆ ಸಾಕೆಂದು ಹಿತ್ತಲಿಗೆ ಓಡಿದೆ.

ಎದುರಿಗೇ ಶೆಡ್ಡು. ಹೆಂಗಸರು ಉಂಡು ಮತ್ತೆ ಕೆಲಸಕ್ಕೆ ಕೂತಿದ್ದರು. ಮೂಲೆಯಲ್ಲಿ ಜೈತೂನಬಿ. ನಾನು ಶೆಡ್ಡು ನೋಡಿಕೊಳ್ಳಲು ಶುರುಮಾಡಿದಾಗಿನಿಂದ ನಮ್ಮಲ್ಲಿ ಬರುವವಳು, ನನಗಿಂತ ಹಿರಿಯಳು. ಅಕ್ಕ ಎಂದೇ ಕರೆಯುತ್ತೇನೆ. ಆ ಸುಗ್ಗಿಯಲ್ಲಿ ಅವಳು ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದಳು. "ಅಕಿನ್ನ ನೋಡಿ ಕಲೀರಿ" ಎಂದು ಉಳಿದವರಿಗೆ ನಾನೇ ಹೇಳಿದ್ದೆ. ಅವಳು ನಡೆಯುವುದನ್ನು ನಾವ್ಯಾರೂ ಕಂಡಿಲ್ಲ ಎಂಬುದು ಹೊಳೆದಿರಲಿಲ್ಲ. ಒಂದು ಕಾಲು ಚಾಚಿ, ಅದರ ಮೇಲೆ ಗೋಣಿ ತಟ್ಟು ಹಾಸಿ, ತಟ್ಟಿನ ಮೇಲೆ ಮೆಣಸಿನಕಾಯಿ ರಾಶಿ ಹಾಕಿಕೊಂಡು ಕೂತಿದ್ದಳು. ವಾರಗಟ್ಟಲೆ ಹಾಗೇ ಕೂತಿದ್ದಳೇನೋ. ನಾನು ನೋಡಿದ್ದು ಅವತ್ತು.

"ಅಕ್ಕಾ, ಆ ತಟ್ಟು ತಗಿ."

"ಯಾಕವಾ? ಅದರ ಬುಡಕ ಬಂಗಾರ ಮುಚ್ಚಿಟ್ಟೇನಿ."

ಎಲ್ಲರೂ ನಕ್ಕರು. ಅವಳ ಮಗ್ಗುಲಲ್ಲೇ ವರ್ಷಾನುಗಟ್ಟಲೆ ಕೂತು, ಒಂದೇ ಸಂಚಿಯ ಎಲೆ ಅಡಿಕೆ ಹಾಕುವ ಗಂಗವ್ವ, "ನನಗೂ ಒಂದ್ ತುಣುಕು ಕೊಡ ಮತ್ತ, ಒಬ್ಬಾಕಿನ ನುಂಗಬ್ಯಾಡ" ಎಂದಳು.

"ತಗೀತಿಯೋ, ನಾನ ಎಳೀಲೋ?"

ಜೈತೂನಬಿಯ ಮುಖದ ನಗೆ ಹೋಯಿತು. "ಬ್ಯಾಡ ತಂಗಿ," ಎಂದಳು ಸಣ್ಣ ದನಿಯಲ್ಲಿ. "ಇವರೆಲ್ಲಾರ ಮುಂದ ಬ್ಯಾಡ."

ನಾನು ಎಳೆದೆ.

ಬರೆಯಲು ಈಗಲೂ ಮನಸ್ಸಾಗುವುದಿಲ್ಲ. ಕಾಲಿಗೆ ಸುತ್ತಿದ್ದ ಬಟ್ಟೆ ಮಾಂಸಕ್ಕೆ ಅಂಟಿತ್ತು. ಬೆರಳುಗಳು ಕಪ್ಪಾಗಿದ್ದವು. ಅರಿಶಿನ, ಕೀವು, ಕೆಂಪು ಖಾರದ ಧೂಳು ಎಲ್ಲ ಕಲಸಿಕೊಂಡಿದ್ದ ಜಾಗದಲ್ಲಿ ಬಿಳಿ ಹುಳ ಮಿಜಿಗುಡುತ್ತಿದ್ದವು. ಮೆಣಸಿನ ಘಾಟಿನಲ್ಲಿ ಅಷ್ಟು ದಿನ ಮುಚ್ಚಿಹೋಗಿದ್ದ ನಾತ ಒಮ್ಮೆಲೇ ಎದ್ದಿತೇನೋ, ಹೆಂಗಸರು ಮೂಗಿಗೆ ಸೆರಗು ಒತ್ತಿಕೊಂಡು ಎದ್ದು ಹೊರಗೆ ಓಡಿದರು. ನನಗೆ ಯಾವ ವಾಸನೆಯೂ ಬರಲಿಲ್ಲ. ನಿಜವಾಗಿ ಕೊಳೆತ ಕಾಲು ಒಂದು ಮೊಳದ ದೂರದಲ್ಲಿದ್ದರೂ ನನ್ನ ಮೂಗು ಮತ್ತೆ ಕಲ್ಲಾಗಿತ್ತು. ಕಣ್ಣಿಗೆ ಕಂಡದ್ದಷ್ಟಕ್ಕೇ ಬಿಡಿಸಿಟ್ಟ ಮಾಲಿನ ಮೇಲೆಯೇ ವಾಂತಿ ಮಾಡಿಕೊಂಡೆ. ಅವಳು ಅದನ್ನೂ ನೋಡಿದಳು. ಸೆರಗನ್ನು ಕಾಲಿನ ಮೇಲೆ ಎಳೆದುಕೊಂಡಳು.

"ಹೇಳಬಾರದಾಗಿತ್ತೇನ ಅಕ್ಕಾ?"

"ಹೇಳಿದ್ರ ಎಬ್ಬಿಸಿ ಕಳಸ್ತಿದ್ದಿ. ಹೋದ ವರ್ಷ ಅಕಿನ್ನ ಕಳಿಸಿದಂಗ."

ಅವಳು ಹೇಳಿದ್ದು ಸುಳ್ಳಲ್ಲ. ಮುಂದಿನದನ್ನೂ ತಾನೇ ಹೇಳಿದಳು. "ಮೊದಲ ಖಾರ ಬಿದ್ರ ಭಾಳ ಉರೀತಿತ್ತು ತಂಗಿ. ಆಮ್ಯಾಲ ಉರಿ ನಿಂತ್ತು. ಮಾಯಾಕತ್ತೈತಿ ಅಂದ್ಕೊಂಡೆ." ನಮ್ಮಲ್ಲಿ ಎಲ್ಲರ ತಿಳಿವಳಿಕೆಯೂ ಇದೇ. ಬೆರಳು ಕೊಯ್ದರೆ ಖಾರ ತಾಗಿ ಉರಿಯುವ ತನಕ ಗಾಯ ಹಸಿ, ಉರಿ ನಿಂತರೆ ಮಾಯ್ದಂತೆ. ನಾನೂ ನನ್ನ ಗಾಯಗಳನ್ನು ಹಾಗೇ ನೋಡಿಕೊಂಡವಳು. ಅವತ್ತೇ ಅವಳನ್ನು ಕರೆದುಕೊಂಡು ಹೋದೆ. ಹಾವೇರಿಯ ಆಸ್ಪತ್ರೆಯಲ್ಲಿ ಡಾಕ್ಟರು ಸಕ್ಕರೆ ಕಾಯಿಲೆಯಿಂದ ಆ ಕಾಲಿಗೆ ಸ್ಪರ್ಶವೇ ಉಳಿದಿಲ್ಲ ಎಂದರು. ಎರಡು ಬೆರಳು, ಪಾದದ ಒಂದು ತುಂಡು ತೆಗೆದರು. ಇನ್ನೆರಡು ದಿನ ಬಿಟ್ಟು ಬಂದಿದ್ದರೆ ಮೊಣಕಾಲಿನ ತನಕ ಹೋಗುತ್ತಿತ್ತು, ಇಲ್ಲವೇ ಜೀವ ಹೋಗುತ್ತಿತ್ತಂತೆ.

ಹಾವೇರಿಯಿಂದ ಬಂದ ಮರುದಿನ ಮಷೀನು ಹಚ್ಚಿದೆ. ನೊಣ ಇರಲಿಲ್ಲ. ಆಡು ಹೊರಗೆ ಬಂದು ಮೊದಲಿನಂತೆ ತಲೆ ಕುಣಿಸಿತು. ಮೂಗಿಗೆ ಏನೂ ಇಲ್ಲ. ಅವತ್ತಿನಿಂದ ಇವತ್ತಿನ ತನಕ ನನಗೆ ಯಾವ ವಾಸನೆಯೂ ಬಂದಿಲ್ಲ. ಪರೀಕ್ಷೆ ಮುಗಿಸಿ ಬಂದ ಶ್ರಾವಣಿ ಎಲ್ಲ ಕೇಳಿಕೊಂಡು, ಆ ಪ್ರಾಣಿಗಳು ನೆಲದ ಮೇಲೆ ಹಾಗೆ ಕೂರುವುದೇ ಇಲ್ಲ, ಚಾಪೆ ಹೊದ್ದುಕೊಳ್ಳುವುದಂತೂ ಆಟದಲ್ಲೇ ಇಲ್ಲ ಎಂದಳು. ತನ್ನ ಹಾಗೆ ಆಡುವ ಗೆಳತಿಯರನ್ನೂ ಕೇಳಿದಳು. ಯಾರೂ ಕಂಡಿರಲಿಲ್ಲ.

ನೀವು ಹೇಳುವುದು ನನಗೆ ಗೊತ್ತು. ಅವಳು ಕೂರುವ ರೀತಿಯನ್ನು ಕಣ್ಣು ಎಂದೋ ಗಮನಿಸಿತ್ತು, ಮನಸ್ಸು ಅದನ್ನು ಆಟದೊಳಗೆ ಹಾಕಿತು ಎನ್ನುತ್ತೀರಿ. ನಾನೂ ಹಾಗೆಂದು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಆದರೆ ಮೂರು ದಿನ ನನ್ನ ಗಂಟಲು ಹಿಡಿದ ಆ ಗಬ್ಬು ಕಲ್ಪನೆಯಾಗಿರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಊಟ ಸೇರುವುದಿಲ್ಲ. ಆ ಹೇಸಿಗೆಯಲ್ಲಿ ಯಾವುದು ಹುಳದ್ದು, ಯಾವುದು ನಾನು ಮಾಡಿದ ಕಟ್ಟುನಿಟ್ಟಿನದ್ದು ಎಂದು ಬಿಡಿಸಿ ಹೇಳಲಾರೆ. ಈಗ ಗಾಯವಾದವರಿಗೆ ಅದು ಮಾಯುವ ತನಕ ಚೀಲ ಹೊಲಿಯುವ ಕೆಲಸ ಕೊಡುತ್ತೇನೆ. ಯಾರನ್ನೂ ಮನೆಗೆ ಕಳಿಸುವುದಿಲ್ಲ.

ಜೈತೂನಬಿ ಮುಂದಿನ ಸುಗ್ಗಿಗೇ ಬಂದಳು. ದಪ್ಪ ಚಪ್ಪಲಿ ಹಾಕಿಕೊಂಡು, ಎಲ್ಲರ ಎದುರಿಗೇ ಕುಂಟುತ್ತ ಬಂದು ಕೂತಳು. ಆದರೆ ಕೂತದ್ದು ಗಂಗವ್ವನಿಗೆ ಬೆನ್ನು ಮಾಡಿ, ಶೆಡ್ಡಿನ ಆ ತುದಿಯಲ್ಲಿ. ಮಗ್ಗುಲಲ್ಲಿ ಕೂರುತ್ತಿದ್ದ ಗಂಗವ್ವನಿಗೇ ವಾಸನೆ ಗೊತ್ತಾಗಿ ನನ್ನ ಕಿವಿಗೆ ಹಾಕಿದ್ದಾಳೆ, ಎಲ್ಲರ ಮುಂದೆ ಮಾನ ಕಳೆದಿದ್ದಾಳೆ ಎಂಬುದು ಅವಳ ಖಾತ್ರಿ. ಗಂಗವ್ವ ಮಕ್ಕಳ ಮೇಲೆ ಆಣೆ ಇಟ್ಟಳು, ಅತ್ತಳು. ಜೈತೂನಬಿ ತಿರುಗಿಯೂ ನೋಡಲಿಲ್ಲ.

"ನಿನಗ ಯಾರ್ ಹೇಳಿದ್ರು, ಅಷ್ಟ ಹೇಳು" ಎಂದು ನನ್ನನ್ನು ಕೇಳಿದಳು. ನಾನು ನೊಣ, ಆಡು, ವಾಸನೆ ಯಾವುದನ್ನೂ ಮುಚ್ಚದೆ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, "ಗಂಗಿನ್ನ ಉಳಸಾಕ ಇಷ್ಟುದ್ದ ಸುಳ್ಳು ಯಾಕ ತಂಗಿ? ಅಕಿನ ಹೇಳಿದ್ಲು ಅನ್ನು. ನಾ ಅಕಿನ್ನ ಬೈಯೂದಿಲ್ಲ. ಜೀವ ಉಳಿಸ್ಯಾಳ ಅಂತ ಹೋಗಿ ಮಾತಾಡಸ್ತೇನಿ" ಎಂದಳು.

ಹೌದು ಎಂದುಬಿಟ್ಟಿದ್ದರೆ ಇಬ್ಬರೂ ಅವತ್ತೇ ಒಂದಾಗುತ್ತಿದ್ದರು. ಆದರೆ ಗಂಗವ್ವ ಹೇಳಿರಲಿಲ್ಲ. ಯಾರು ಹೇಳಿದರು ಎಂಬುದು ನನಗೇ ಗೊತ್ತಿಲ್ಲ.