ವಾಲ್ಟರ್ ಬಿಟ್ಟುಹೋದ ಶೂ

ನಿನ್ನೆ ಸಂಜೆ ಒಣಗಲು ಹಾಕಿದ್ದ ಕಾಫಿಯನ್ನು ಗುಡ್ಡೆ ಮಾಡಿಸಿ ಕಣ ಗುಡಿಸುತ್ತಿದ್ದಾಗ, ನಟ್ಟನಡುವೆ ಒಂದು ಜೊತೆ ಶೂ ಕಂಡಿತು. ಸಿಂಚನಾ, ನಿನ್ನದೇ. ಶಾಲೆಯ ಕಬಡ್ಡಿ ಪಂದ್ಯದಲ್ಲಿ ಸೋತು ಬಂದವಳು ಮನೆಬಾಗಿಲವರೆಗೆ ಬರುವಷ್ಟು ತಾಳ್ಮೆಯೂ ಇಲ್ಲದೆ ಅಲ್ಲೇ ಬಿಚ್ಚಿ, "ಇನ್ಮೇಲೆ ನಾನು ಆಡಲ್ಲ ಅಜ್ಜಿ" ಎಂದು ಒಳಗೆ ಹೋಗಿ ಮುಸುಕು ಹಾಕಿಕೊಂಡೆ, ಇನ್ನೂ ತೆಗೆದಿಲ್ಲ. ನಿನ್ನ ತಮ್ಮ ನಕ್ಕ. ನಾನು ಪೊರಕೆ ಹಿಡಿದು ಆ ಶೂಗಳ ಮುಂದೆ ನಿಂತುಬಿಟ್ಟೆ. ಹಾಗೆ ನಡುವೆ ಶೂ ಬಿಡುವುದಕ್ಕೆ ಒಂದು ಅರ್ಥವಿದೆ. ಅದನ್ನು ನನಗೆ ತೋರಿಸಿಕೊಟ್ಟವನು ಅಮೆರಿಕದ ಒಬ್ಬ ಪೈಲ್ವಾನ. ಕುಂದೂರು ದಾಟಿ ಒಬ್ಬಳೇ ಬಸ್ಸು ಹತ್ತಲು ಹೆದರುವ ಅಜ್ಜಿಗೆ ಅಮೆರಿಕದವನ ಪರಿಚಯವೇ ಎಂದು ನಗುತ್ತೀರಿ. ನಗಿ, ಪರವಾಗಿಲ್ಲ.

ಅವನ ಹೆಸರು ವಾಲ್ಟರ್. ನಿಮ್ಮ ತಾತ ಹುಡುಗನಾಗಿದ್ದಾಗ ಗರಡಿಯ ಮಣ್ಣಿನಲ್ಲಿ ಹೊರಳಾಡಿ ಬೆಳೆದವರು. ಮನೆಗೆ ಟಿ.ವಿ. ಬಂದ ಮೇಲೆ ಒಲಿಂಪಿಕ್ಸ್ ಕುಸ್ತಿ ನೋಡಲು ಕೂತರು. ನಾವು ನೋಡಿದ ಮೊದಲ ಪಂದ್ಯದಲ್ಲೇ ವಾಲ್ಟರ್ ಸೋತ. ತಾತನಿಗೆ ಎಲ್ಲಿಲ್ಲದ ಸಿಟ್ಟು.

"ಬೆನ್ನು ನೆಲಕ್ಕೆ ತಾಗೇ ಇಲ್ಲ, ಸೋತ ಅಂತಾರಲ್ಲ! ಮೋಸ ಕಣೇ ಇದು!"

ಗರಡಿಯಲ್ಲಿ ಬೆನ್ನು ಮಣ್ಣಿಗೆ ತಾಗುವವರೆಗೆ ಸೋಲೇ ಇಲ್ಲ. ಆ ಮ್ಯಾಟಿನ ಮೇಲೆ ಅಂಕದ ಲೆಕ್ಕ. ಪಕ್ಕದ ಮನೆಯ ಶಿವಣ್ಣ ಬಿಡಿಸಿ ಹೇಳಿದರೆ, "ಅಂಕ ಹಾಕಾಕೆ ಅದೇನು ಪರೀಕ್ಷೆನಾ ಮಾರಾಯ?" ಎಂದು ಅವನ ಬಾಯಿ ಮುಚ್ಚಿಸಿದರು. ಅನ್ಯಾಯವಾಯಿತೆಂಬ ಆ ಸಂಕಟದಿಂದಲೇ ವಾಲ್ಟರ್ ನಮ್ಮ ಮನೆಯವನಾದ. ಅವನ ಅಪ್ಪ ಜೋಳ ಬೆಳೆಯುವ ರೈತ ಎಂದು ಪೇಪರಿನಲ್ಲಿ ಬಂದ ಮೇಲಂತೂ ಕೇಳುವುದೇ ಬೇಡ. ಮುಂದೆ ಅವನ ಮಂಡಿ ಮುರಿಯಿತು, ಆಪರೇಷನ್ ಆಯಿತು, ಇನ್ನು ಅವನ ಕುಸ್ತಿ ಮುಗಿಯಿತೆಂದು ಬರೆದರು. ಬಹಳ ದಿನಗಳ ಮೇಲೆ, ಮತ್ತೆ ಅಖಾಡಕ್ಕೆ ಇಳಿದಿದ್ದಾನೆಂದು ಮೂಲೆಯಲ್ಲಿ ಒಂದು ಸಾಲು.

ಆ ವರ್ಷವೇ ಕಾಳುಮೆಣಸು ಕೊಯ್ಯುವಾಗ, ಬಳ್ಳಿ ಹಬ್ಬಿದ್ದ ಸಿಲ್ವರ್ ಮರಕ್ಕೆ ಒರಗಿಸಿದ್ದ ಏಣಿ ಜಾರಿ ನಿಮ್ಮ ತಾತ ಬಿದ್ದರು. ತೊಡೆಯ ಮೂಳೆ ಮುರಿಯಿತು. ಹಾಸನದ ಆಸ್ಪತ್ರೆಯಲ್ಲಿ ರಾಡ್ ಹಾಕಿದರು. ಮೂಳೆ ಕೂಡಿದೆ, ಈಗ ನಡೆಸದಿದ್ದರೆ ಕಾಲು ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಎಚ್ಚರಿಸಿದರು. ಆದರೆ ಇವರು ವಾಕರ್ ಹಿಡಿದು ಎದ್ದು ನಿಲ್ಲುವುದು, ನಡುಗುವುದು, ಕೂತುಬಿಡುವುದು. ನೋವಿಗಿಂತ ಭಯವೇ ಹೆಚ್ಚು. "ನಾನು ಅಂಗಾತ ಬಿದ್ದೆ ಕಣೇ. ಮುಗೀತು" ಎನ್ನುತ್ತಿದ್ದರು. ರಾತ್ರಿ ಹಗಲು ಅದೇ ನನ್ನ ಚಿಂತೆ. ನಿಮ್ಮ ಅಪ್ಪ ಆಗ ಇನ್ನೂ ಓದುತ್ತಿದ್ದ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಒಲಿಂಪಿಕ್ಸ್ ಬಂತು. ಹಗಲು ಊಟದ ಹೊತ್ತು, ಶಿವಣ್ಣನೂ ನಾಲ್ಕಾರು ಗಂಡಸರೂ ಟಿ.ವಿ. ಮುಂದೆ. ನಾನು ಯಾವತ್ತಿನಂತೆ ಅಡುಗೆಮನೆ ಬಾಗಿಲ ಮರೆಯಲ್ಲಿ. ಎದುರಾಳಿ ವಾಲ್ಟರನನ್ನು ಬೋರಲು ಕೆಡವಿ, ಸೊಂಟಕ್ಕೆ ಕೈಹಾಕಿ ಅಂಗಾತ ಮಾಡಲು ಹೆಣಗುತ್ತಿದ್ದ. ವಾಲ್ಟರ್ ಹಲ್ಲಿಯಂತೆ ನೆಲ ಕಚ್ಚಿಕೊಂಡಿದ್ದ. ಆಮೇಲೆ ಮೆಲ್ಲಗೆ ಆ ಆಪರೇಷನ್ ಆದ ಮಂಡಿಯನ್ನೇ ಊರಿದ. ನನಗೇನಾಯಿತೋ ಗೊತ್ತಿಲ್ಲ.

"ಏಳೋ ವಾಲ್ಟರಾ! ಏಳೋ!"

ಮನೆಯೆಲ್ಲ ತಿರುಗಿ ನನ್ನನ್ನು ನೋಡಿತು. ವಾಲ್ಟರ್ ಎದ್ದ, ಗೆದ್ದ, ಮೂರನೆಯ ಸ್ಥಾನದ ಪದಕ ತಗೊಂಡ. ನಾನು ಮಾತ್ರ ಸೆರಗು ಕಚ್ಚಿಕೊಂಡು ಒಲೆಯ ಮುಂದೆ ಕೂತೆ. ಹಜಾರದಿಂದ ತಾತನ ದನಿ, ಎಷ್ಟೋ ತಿಂಗಳ ಮೇಲೆ ನಗು ತುಂಬಿದ ದನಿ: "ನೋಡೋ ಶಿವಣ್ಣ, ನನ್ನ ಹೆಸ್ರು ಇವಳ ಬಾಯಿಗೆ ಒಂದಿನ ಬಂದಿಲ್ಲ. ಅಮೆರಿಕದೋನ ಹೆಸ್ರು ಊರಿಗೆಲ್ಲ ಕೇಳಂಗೆ ಕೂಗ್ಬುಟ್ಲು!"

ನಿಜ. ನಮ್ಮ ಕಾಲದಲ್ಲಿ ಗಂಡನ ಹೆಸರು ಹೇಳುವಂತಿರಲಿಲ್ಲ. ಮದುವೆಯ ದಿನ ಹೆಂಗಸರೆಲ್ಲ ಕಾಡಿದಾಗಲೂ ನನ್ನ ಬಾಯಿಂದ ಅದು ಹೊರಟಿರಲಿಲ್ಲ.

ಮರುದಿನ ಬೆಳಿಗ್ಗೆ ಶಿವಣ್ಣನೂ ನಾನೂ ಅವರನ್ನು ಇದೇ ಕಣಕ್ಕೆ ಕರೆತಂದೆವು. ಕಾಫಿ ಇನ್ನೂ ಹಣ್ಣಾಗಿರಲಿಲ್ಲ, ಕಣ ಖಾಲಿ. ವಾಕರ್ ಹಿಡಿದು ನಿಂತರು. ಅದೇ ನಡುಕ. ಕುರ್ಚಿ ಎಳೆಯಲು ಕೈ ಚಾಚಿದರು. ಕೂತರೆ ಇನ್ನು ಏಳುವುದಿಲ್ಲ ಎಂದು ನನಗೆ ಅನ್ನಿಸಿತು. ಕುರ್ಚಿಯನ್ನು ಹಿಂದಕ್ಕೆ ಎಳೆದುಬಿಟ್ಟೆ. ಕಣದ ಆ ತುದಿಗೆ ಹೋಗಿ ನಿಂತು, ಕಣ್ಣು ಮುಚ್ಚಿಕೊಂಡು, ಅವರ ಹೆಸರು ಹಿಡಿದು ಕೂಗಿದೆ.

ಕಣ್ಣು ಬಿಟ್ಟಾಗ ಶಿವಣ್ಣ ಬಾಯಿ ಬಿಟ್ಟುಕೊಂಡು ನಿಂತಿದ್ದ. ನಿಮ್ಮ ತಾತ ಕುರ್ಚಿಯನ್ನೇ ಮರೆತಿದ್ದರು.

"ಏನಂದೆ?"

"ಕೇಳಿಸ್ಲಿಲ್ವಾ?"

"ಸರಿಯಾಗಿ ಕೇಳಿಸ್ಲಿಲ್ಲ ಕಣೇ. ಇನ್ನೊಂದ್ಸಲ ಕೂಗು."

"ಇಲ್ಲಿಗೆ ಬನ್ನಿ, ಕೂಗ್ತೀನಿ."

ಬಂದರು. ಒಂದು ಹೆಜ್ಜೆ ಇಟ್ಟು ನಿಲ್ಲುವರು, ನಾನು ಕೂಗಬೇಕು, ಮತ್ತೊಂದು ಹೆಜ್ಜೆ. "ಹತ್ರ ಬಂದಂಗೆಲ್ಲ ಕಿವಿ ಸರಿಯಾಗ್ತೈತೆ" ಎಂದು ಶಿವಣ್ಣನ ಕಡೆ ಕಣ್ಣು ಮಿಟುಕಿಸಿದರು. ಬೆವರು ಧಾರಾಕಾರ, ಮುಖದ ತುಂಬ ನಗು. ಕಣ ದಾಟಿದರು. ಕಾಫಿ ಕೊಯ್ಲಿನ ಹೊತ್ತಿಗೆ ಕೋಲು ಊರಿಕೊಂಡು ತೋಟ ಸುತ್ತುತ್ತಿದ್ದರು. ಆಮೇಲೆ ಬದುಕಿದ್ದಷ್ಟು ವರ್ಷವೂ ನಡೆದರು.

ಅದರ ಮುಂದಿನ ಒಲಿಂಪಿಕ್ಸಿನಲ್ಲಿ ವಾಲ್ಟರ್ ಬೇಗನೆ ಸೋತ. ಕೂದಲು ಉದುರಿತ್ತು. ಕೈಕುಲುಕಿ, ಮ್ಯಾಟಿನ ನಡುವೆ ಕುಳಿತು, ಶೂ ಬಿಚ್ಚಿ ಅಲ್ಲೇ ಜೋಡಿಸಿಟ್ಟು ಬರಿಗಾಲಲ್ಲಿ ಹೊರಟ. ಇನ್ನು ಕುಸ್ತಿ ಆಡುವುದಿಲ್ಲ ಎಂಬುದಕ್ಕೆ ಅವರಲ್ಲಿ ಅದೇ ಗುರುತಂತೆ. ತಾತ ಕಣ್ಣೊರೆಸಿಕೊಂಡರು. "ನಾವು ಗರಡಿಗೆ ಇಳಿಯೋ ಮುಂಚೆ ಮೆಟ್ಟು ಬಿಡ್ತೀವಿ, ಅವನು ಎಲ್ಲಾ ಮುಗಿಸಿ ಬಿಟ್ಟ. ಆದ್ರೂ ನಾವು ನೋಡಿದಷ್ಟು ದಿನ ಅವನ ಬೆನ್ನು ನೆಲಕ್ಕೆ ತಾಗ್ಲಿಲ್ಲ ಕಣೇ."

ಸಿಂಚನಾ, ಹಾಗೆ ಶೂ ಬಿಡುವುದು ಎಲ್ಲ ಆಡಿ ಮುಗಿಸಿದವರು. ನೀನು ಈಗಷ್ಟೇ ಶುರುಮಾಡಿದ್ದೀಯ. ಅದಕ್ಕೇ ನಿನ್ನ ಶೂಗಳ ಧೂಳು ಒರೆಸಿ ಬಾಗಿಲ ಬಳಿ ಇಟ್ಟಿದ್ದೇನೆ. ಮುಂದಿನ ಪಂದ್ಯಕ್ಕೆ ನಾನೂ ಬರುತ್ತೇನೆ, ಬಸ್ಸಿನಲ್ಲೇ. ಗೆರೆಯ ಪಕ್ಕ ನಿಂತು ನಿನ್ನ ಹೆಸರು ಕೂಗುತ್ತೇನೆ, ನಾಚಿಕೊಳ್ಳಬೇಡ. ಬಹಳ ವರ್ಷದಿಂದ ಕೂಗಿಲ್ಲ, ಗಂಟಲು ಕಟ್ಟಿದೆ. ತಾತನ ಹೆಸರು ಕೇಳಿದಾಗಲೆಲ್ಲ "ನಿಮ್ಮಪ್ಪನ್ನ ಕೇಳಿ" ಎಂದು ತಪ್ಪಿಸಿಕೊಳ್ಳುತ್ತಿದ್ದೆನಲ್ಲ? ಈಗ ಕಣಕ್ಕೆ ಹೋಗಿ ಅದರಿಂದಲೇ ಅಭ್ಯಾಸ ಶುರುಮಾಡುತ್ತೇನೆ. ಮುಸುಕು ತೆಗೆದು ಕೇಳಿಸಿಕೊ:

ಧರ್ಮಪ್ಪಾ!