ಗಡೀಪಾರಿಗೆ ಒಂದು ಒಳ್ಳೆಯ ಪದ

ಹಾಸನದ ನಮ್ಮ ಮನೆಯ ಕೆಳಗಡೆ ಹನ್ನೊಂದು ವರ್ಷ ಒಂದು ಪಿಯಾನೋ ಬಾಡಿಗೆಗೆ ಇತ್ತು. ಅದರ ಜೊತೆಗೆ ಅದನ್ನು ನುಡಿಸುವ ಟೀಚರೂ ಇದ್ದರು. ಹೀಗೆ ಹೇಳಿದರೆ ಅವರಿಗೇನೂ ಬೇಸರವಿಲ್ಲ. ಮನೆ ಕೇಳಲು ಬಂದ ದಿನ ಅವರೇ ಹಾಗೆ ಹೇಳಿದ್ದರು: "ಮನೆ ಬೇಕಾಗಿರೋದು ಪಿಯಾನೋಗೆ ಮೇಷ್ಟ್ರೆ. ನಾನು ಎಲ್ಲಾದ್ರೂ ಒಂದ್ ಮೂಲೇಲಿ ಇದ್ಕೋತೀನಿ." ಅದಕ್ಕೂ ಮೊದಲು ಆರೇಳು ಕಡೆ ಪಿಯಾನೋ ಎಂಬ ಮಾತು ಕೇಳಿದ ಕೂಡಲೇ ಮನೆ ಇಲ್ಲ ಅಂದಿದ್ದರಂತೆ. ನಾನು ಕನ್ನಡ ಮೇಷ್ಟ್ರು, ಮೇಲಾಗಿ ಕಲಾಪ್ರೇಮಿ. ಎರಡನೆಯದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೇ ತಿಳಿದುಕೊಂಡಿದ್ದೆ. ತಕ್ಷಣ ಒಪ್ಪಿದೆ.

ಪಿಯಾನೋ ಕಲಿಸುವವರು ಕೆಮ್ಮುವುದೂ ಇಂಗ್ಲಿಷಿನಲ್ಲೇ ಎಂದು ನಮ್ಮ ಬೀದಿಯವರೆಲ್ಲ ಅಂದುಕೊಂಡಿದ್ದರು. ಟೀಚರು ಹೊಳೆನರಸೀಪುರದವರು, ಮಾತೂ ಅಲ್ಲಿಯದೇ. ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದಾಗ ಒಬ್ಬ ಸಿಸ್ಟರ್ ಹತ್ತಿರ ಕಲಿತ ವಿದ್ಯೆಯನ್ನು ಇಲ್ಲಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಮನೆಗೆ ಬರುವ ಮಕ್ಕಳಿಗೆ, "ಬೆರಳು ಯಾಕ್ ಇಂಗ್ ಮಡಗಿದ್ದೀಯ? ಮುದ್ದೆ ಮುರೀವಾಗ ಇಂಗೇ ಮಡಗ್ತೀಯಾ?" ಎಂದು ಗದರುವುದು ಮೇಲಿನ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ಮಗು ಬೆರಳು ಸರಿಮಾಡಿಕೊಂಡು ನುಡಿಸಿದರೆ ನನ್ನ ಹೆಂಡತಿಯೂ ಒಗ್ಗರಣೆ ನಿಲ್ಲಿಸಿ ಕೇಳುತ್ತಿದ್ದಳು.

ಹೋದ ವರ್ಷ ಅವರ ಹಳೆಯ ಶಾಲೆಯವರು ಬಂದು, ಒಂದು ಭಾನುವಾರ ಬೆಳಿಗ್ಗೆ ಶಾಲೆಯ ಹಾಲಿನಲ್ಲಿ ನುಡಿಸಬೇಕು ಎಂದು ಕೇಳಿದರು. ಟೀಚರಿಗೆ ಎಪ್ಪತ್ತಾಗಿತ್ತು, ಬೆರಳ ಗಂಟುಗಳು ಊದಿಕೊಳ್ಳುತ್ತಿದ್ದವು. ಇದೇ ಕೊನೆಯ ಸಲ ಎಂದು ಹೇಳಿಯೇ ಒಪ್ಪಿಕೊಂಡರು. ನುಡಿಸಲು ಆರಿಸಿಕೊಂಡದ್ದು ಪರದೇಶದ ಒಬ್ಬ ಸಂಗೀತಗಾರ ಬರೆದದ್ದನ್ನು. ಅಧಿಕಾರ ಹಿಡಿದವರಿಗೆ ಆತ ಬೇಡವಾಗಿ ಅವನನ್ನು ದೇಶದಿಂದ ಓಡಿಸಿದ್ದರು. ಆತ ಹಡಗು ಹತ್ತಿ, ಸಮುದ್ರದ ನಡುವಿನ ಯಾವುದೋ ದ್ವೀಪ ಸೇರಿ, ಅಲ್ಲೇ ಮುದುಕನಾದ. ಆ ದ್ವೀಪದ ಬೆಳಗಿನ ದೋಣಿಗಳು, ಹೊಗೆಯಾಡುವ ಬೆಟ್ಟ, ಭತ್ತ ಕುಟ್ಟುವ ಹೆಂಗಸರು, ಗುಡಿಯ ಜಾಗಟೆ, ಎಲ್ಲವನ್ನೂ ಪಿಯಾನೋಗೆ ಇಳಿಸಿದ.

"ಮಕ್ಕಳ ಅಪ್ಪ ಅಮ್ಮಂದ್ರು ಬತ್ತಾರೆ. ಅವ್ರಿಗೆ ಅರ್ಥ ಆಗೋ ಅಂಗೆ ನಾಕು ಮಾತು ಕನ್ನಡದಲ್ಲಿ ಬರ್ಕೊಡಿ ಮೇಷ್ಟ್ರೆ. ನೀವೇ ಓದ್ಬುಡಿ," ಎಂದರು. ನಾನು ನಾಲ್ಕು ಮಾತಿಗೆ ನಿಲ್ಲುವ ಆಳಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ.

ಅದೇ ವಾರ ನನ್ನ ಬಾಮೈದನಿಗೆ ಅರಕಲಗೂಡಿನಿಂದ ಹಾಸನಕ್ಕೆ ವರ್ಗವಾಯಿತು. ಹೆಂಡತಿ ಕಾಫಿ ಕೊಡುತ್ತಾ, "ಅಕ್ಕನ ಮನೆ ಇರೋ ಊರಲ್ಲಿ ಅವನು ಬೀದಿ ಬೀದಿ ಅಲೆದು ಮನೆ ಹುಡುಕ್ಬೇಕಾ?" ಎಂದಳು. ಟೀಚರು ಪಾಪ ಎಂದೆ. ಪಾಪ ಎಂದು ಅವಳೂ ಅಂದಳು. ಇಬ್ಬರೂ ಪಾಪ ಅಂದಮೇಲೆ ಬಾಮೈದನಿಗೇ ಮನೆ ಎಂದು ತೀರ್ಮಾನವಾಯಿತು. ಬೇಡ ಎನ್ನುವಷ್ಟು ಧೈರ್ಯ ನನಗಿರಲಿಲ್ಲ, ನಿಜ ಹೇಳಬೇಕೆಂದರೆ ಅಷ್ಟು ಇಷ್ಟವೂ ಇರಲಿಲ್ಲ. ಬಾಮೈದನೊಡನೆ ನಿಷ್ಠುರವಾದರೆ ನನ್ನ ಊಟ ತಿಂಡಿಯ ರುಚಿ ಕೆಡುತ್ತದೆ, ಟೀಚರೊಡನೆ ಆದರೆ ಕೆಡುವುದಿಲ್ಲ. ಕಾರ್ಯಕ್ರಮ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದೆ. ಅದನ್ನು ಸೌಜನ್ಯ ಎಂದು ಕರೆದುಕೊಂಡೆ.

ಹೀಗಾಗಿ ಒಂದು ತಿಂಗಳು ನಾನು ಮೇಲಿನ ಮನೆಯಲ್ಲಿ ಕುಳಿತು ಊರು ಬಿಟ್ಟವನ ಸಂಕಟವನ್ನು ಬರೆದೆ. ಕೆಳಗಿನ ಮನೆಯವರಿಗೆ ಮನೆ ಬಿಡಬೇಕು ಎಂದು ಹೇಳುವುದು ಬಾಕಿ ಇತ್ತು.

ತೊಡಕಾದದ್ದು ಮೊದಲ ಸಾಲಿನಲ್ಲೇ. "ಗಡೀಪಾರಾದ ಸಂಗೀತಗಾರ" ಎಂದು ಬರೆದು ಹೆಂಡತಿಗೆ ಓದಿದೆ. "ಯಾವ ಕೇಸು?" ಎಂದಳು. ಅವಳದ್ದೇನೂ ತಪ್ಪಿಲ್ಲ. ನಮ್ಮ ಜಿಲ್ಲೆಯಲ್ಲಿ ಗಡೀಪಾರಾಗುವವರು ರೌಡಿಗಳು, ಅದೂ ಚುನಾವಣೆ ಹತ್ತಿರ ಬಂದಾಗ. ಅದನ್ನು ಹೊಡೆದುಹಾಕಿ "ದೇಶಭ್ರಷ್ಟ" ಎಂದು ಬರೆದು ಶಾಲೆಯ ಕಾರ್ಯದರ್ಶಿಗೆ ತೋರಿಸಿದೆ. ಆತ ಎರಡು ಸಲ ಓದಿ, "ಭ್ರಷ್ಟ ಅಂತೀರಲ್ಲ ಸಾ, ದುಡ್ಡು ಗಿಡ್ಡು ತಿಂದಿದ್ನಾ? ಮಕ್ಕಳು ಇರೋ ಜಾಗ ಸಾ," ಎಂದರು. ಆ ದ್ವೀಪ ಎಲ್ಲಿ ಬರುತ್ತದೆ ಎಂದೂ ಕೇಳಿ, ವರ್ಷಗಳಿಂದ ಆಗುತ್ತಲೇ ಇರುವ ನಮ್ಮ ಬೂವನಹಳ್ಳಿ ಏರ್‌ಪೋರ್ಟ್ ಆಗಿಬಿಟ್ಟರೆ ಇಲ್ಲಿಂದಲೇ ಹೋಗಿಬರಬಹುದು ಎಂದು ತಾವೇ ಸಮಾಧಾನಪಟ್ಟುಕೊಂಡರು. "ಬಹಿಷ್ಕೃತ" ಎಂದು ಬರೆಯಲು ಹೋಗಿ ನಾನೇ ಕೈಬಿಟ್ಟೆ. ಆ ಮಾತಿಗೆ ನಮ್ಮ ಕಡೆ ಬೇರೆಯೇ ನೆನಪುಗಳಿವೆ.

ಕೊನೆಗೆ "ವನವಾಸ" ಎಂದು ಬರೆದುಕೊಂಡು ಒಂದು ಮಧ್ಯಾಹ್ನ ಟೀಚರ ಹತ್ತಿರವೇ ಹೋದೆ. ಅದಕ್ಕೆ ಪೀಠಿಕೆಯಾಗಿ ನನ್ನ ಸ್ವಂತ ಅನುಭವವನ್ನೂ ಸೇರಿಸಿದ್ದೆ. ನಾನು ಇಪ್ಪತ್ತೊಂದು ವರ್ಷ ಚನ್ನರಾಯಪಟ್ಟಣದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬಂದವನು, ಪರಸ್ಥಳದ ನೋವು ನನಗೂ ಗೊತ್ತು ಎಂಬುದು ಅದರ ಸಾರಾಂಶ.

"ಸಂಜೆ ಮನೆಗೆ ಬತ್ತಿದ್ರಲ್ಲ ಮೇಷ್ಟ್ರೆ," ಎಂದರು ಟೀಚರು.

ಪೀಠಿಕೆ ಹೋಯಿತು. ವನವಾಸವೂ ನಿಲ್ಲಲಿಲ್ಲ. "ಅದಕ್ಕೆ ಇಷ್ಟು ವರ್ಷ ಅಂತ ಲೆಕ್ಕ ಇರ್ತದೆ. ಮುಗಿದ್ಮೇಲೆ ವಾಪಸ್ ಬರ್ಬೋದು. ಇವ್ನಿಗೆ ಅದೂ ಇರ್ಲಿಲ್ಲ," ಎಂದು ಹೇಳಿ, ನನ್ನನ್ನು ಕೂರಿಸಿ ಭತ್ತ ಕುಟ್ಟುವ ಹೆಂಗಸರನ್ನು ನುಡಿಸಿದರು. ಎಡಗೈ ಭಾರವಾಗಿ ಬೀಳುತ್ತಿತ್ತು, ಬಲಗೈ ಅದಕ್ಕೆ ಒಂದಿಷ್ಟು ತಡವಾಗಿ ಉತ್ತರ ಕೊಡುತ್ತಿತ್ತು. "ನೋಡಿ, ಇಬ್ರು ಎದುರುಬದುರು ನಿಂತು ಒನಕೆ ಆಕ್ತಾವ್ರೆ. ಹಳೇಕೋಟೆ ನಮ್ಮಜ್ಜಿ ಮನೇಲಿ ಇಂಗೇ ಕೇಳ್ತಿತ್ತು. ಆ ಪರದೇಶಿಗೆ ಇದೆಲ್ಲ ಎಂಗ್ ಗೊತ್ತಾಯ್ತೋ."

ಆಮೇಲೆ ಕೊನೆಯ ಪುಟ ತೆಗೆದರು. ಅದರಲ್ಲಿ ಬರೀ ಸಮುದ್ರ. ಬಲಗೈ ನೀರಾಡಿಸುತ್ತಲೇ ಇರುತ್ತದೆ, ಅದರ ಕೆಳಗೆ ಎಡಗೈಯಲ್ಲಿ ಒಂದೇ ಒಂದು ಸಲ ನಾಲ್ಕು ಸ್ವರ ಬಂದು ಹೋಗುತ್ತವೆ. "ಅದು ಅವನ ಊರಿನ ರಾಗ. ಇಷ್ಟು ಪುಟದಲ್ಲಿ ಎಲ್ಲೂ ತಂದಿಲ್ಲ, ಇಲ್ಲಿ ತಡ್ಕೊಳ್ಳೋಕಾಗದೆ ತಂದ್ಬುಟ್ಟವ್ನೆ. ನಮ್ಗೆ ಗೊತ್ತಾಗೋದ್ರೊಳ್ಗೆ ಮೇಲೆ ನೀರು ಎಳ್ಕೊಂಡ್ಬುಡ್ತಾನೆ."

ನನಗೆ ಅಳು ಬಂತು. ಮರೆಮಾಚಲೂ ಹೋಗಲಿಲ್ಲ, ಯಾಕೆಂದರೆ ಅತ್ತದ್ದರಿಂದ ನನ್ನ ಬಗ್ಗೆ ನನಗೇ ಗೌರವ ಹೆಚ್ಚಿತ್ತು. ಈಗಲೇ ಹೇಳಿಬಿಡಲೇ, ನೀವು ಎಲ್ಲಿಗೂ ಹೋಗುವುದು ಬೇಡ, ಬಾಮೈದ ಬೇರೆ ಕಡೆ ನೋಡಿಕೊಳ್ಳಲಿ ಎಂದು ಬಾಯಿ ತನಕ ಬಂತು. ಆದರೆ ಅವರಿಗೆ ಹೋಗುವ ವಿಷಯವೇ ಗೊತ್ತಿಲ್ಲವಲ್ಲ, ಹೋಗಬೇಡಿ ಎಂದು ಹೇಗೆ ಹೇಳುವುದು? ಈ ತರ್ಕ ಸಿಕ್ಕಿದ್ದೇ ಕಣ್ಣೊರೆಸಿಕೊಂಡು, "ಹಾಗಾದರೆ ಏನಂತ ಬರೆಯಲಿ?" ಎಂದೆ.

ಟೀಚರು ಪಿಯಾನೋದ ಕಪ್ಪು ಬಿಳಿ ಮನೆಗಳ ಮೇಲೆ ಬಟ್ಟೆ ಆಡಿಸುತ್ತಿದ್ದರು. "ಮನೆ ಖಾಲಿ ಮಾಡ್ಸಿದ್ರು ಅಂತ ಬರೀರಿ. ಎಲ್ಲಾರ್ಗೂ ಅರ್ಥ ಆಯ್ತದೆ."

ನಾನು ಅವರ ಮುಖ ನೋಡಿದೆ. ಅವರು ಬಟ್ಟೆ ನೋಡುತ್ತಿದ್ದರು. ಸರಿ, ಹಾಗೆಯೇ ಬರೆಯುತ್ತೇನೆ ಎಂದು ಎದ್ದು ಬಂದೆ. ಅವತ್ತು ರಾಗಿರೊಟ್ಟಿಗೆ ರುಚಿಯೇ ಇರಲಿಲ್ಲ.

ಭಾನುವಾರ ಶಾಲೆಯ ಹಾಲು ತುಂಬಿತ್ತು. ಹಳ್ಳಿಮೈಸೂರಿನಿಂದ ಒಂದು ಕುಟುಂಬ ಮೊದಲ ಬಸ್ಸಿಗೇ ಬಂದು ಮುಂದಿನ ಸಾಲು ಹಿಡಿದಿತ್ತು. ನಾನು ಓದಿದೆ: "ಈತನಿಂದ ಸ್ವಂತ ನಾಡೆಂಬ ಮನೆ ಖಾಲಿ ಮಾಡಿಸಿದರು. ಸಾಮಾನು ಕಟ್ಟಿಕೊಳ್ಳಲು ಕೂಡ ಹೊತ್ತು ಕೊಡಲಿಲ್ಲ." ಬಾಡಿಗೆ ಮನೆಯಲ್ಲಿರುವವರಿಗೆಲ್ಲ ಒಂದೇ ಮಾತಿನಲ್ಲಿ ಅರ್ಥವಾಯಿತು. ಸ್ವಂತ ಮನೆಯವರಿಗೆ ತಿಳಿಯಲು ಒಂದು ಕ್ಷಣ ಹೆಚ್ಚು ಬೇಕಾಯಿತು. ಆಮೇಲೆ ಟೀಚರು ನುಡಿಸಿದರು. ಬೆರಳು ಎರಡು ಕಡೆ ತಪ್ಪಿತು, ಒಂದು ಕಡೆ ನಿಂತೇ ಹೋಯಿತು. ಅವರು ಗಾಬರಿಯಾಗದೆ ಮತ್ತೆ ಹಿಡಿದುಕೊಂಡರು. ಆ ನಾಲ್ಕು ಸ್ವರ ಬಂದಾಗ ಬೇಕೆಂತಲೇ ನಿಧಾನ ಮಾಡಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕಾರ್ಯದರ್ಶಿ ಶಾಲು ಹೊದಿಸಿದರು, ನನಗೂ ಒಂದು ಹೊದಿಸಿದರು.

ಹೊರಗೆ ಜಗಲಿಯಲ್ಲಿ ಕಾಫಿ ಕೊಡುತ್ತಿದ್ದರು. ಟೀಚರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೆರಳಿಗೆ ಶಾಖ ಕೊಟ್ಟುಕೊಳ್ಳುತ್ತಾ ಒಂದು ಬದಿಗೆ ನಿಂತಿದ್ದರು. ನಾನು ಹತ್ತಿರ ಹೋಗಿ, "ಟೀಚರೇ, ಒಂದು ವಿಷಯ ಹೇಳಬೇಕಿತ್ತು," ಎಂದೆ.

"ಗೊತ್ತು ಮೇಷ್ಟ್ರೆ. ಇಪ್ಪತ್ ದಿನ ಆಯ್ತು. ನೀವು ಮಾರ್ಕೆಟ್ಟಿಗೆ ಓಗಿದ್ದಾಗ ನಿಮ್ ಬಾಮೈದ ಬಂದು, ಸೋಫಾ ಇಡ್ಸೋಕೆ ಅಂತ ಹಾಲ್ ಅಳತೆ ತಗೊಂಡೋದ್ರು. ಪಿಯಾನೋ ಎಷ್ಟು ಜಾಗ ತಿಂದೈತೆ ಅಂತ ಅದನ್ನೂ ಅಳೆದ್ರು."

"ನೀವು ನನ್ನ ಹತ್ತಿರ ಒಂದು ಮಾತು ಹೇಳಲಿಲ್ಲ."

"ಭಾಷಣ ಚೆನ್ನಾಗ್ ಬರೀತಾವ್ರೆ, ಮನಸ್ಸು ಕೆಡಿಸೋದು ಬ್ಯಾಡ ಅಂತ ಸುಮ್ನಿದ್ದೆ." ಅವರ ದನಿಯಲ್ಲಿ ಕೊಂಕು ಇದೆಯೇ ಎಂದು ಹುಡುಕಿದೆ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಪಿಯಾನೋ ಇಟ್ಕೊಳ್ಳೋರು ಯಾರೂ ಸಿಗ್ಲಿಲ್ಲ. ಅರಕಲಗೂಡಲ್ಲಿ ಒಂದ್ ಸ್ಕೂಲಿಗೆ ಕೊಡ್ತೀನಿ ಅಂದ್ಬುಟ್ಟೆ, ಅಲ್ಲಿ ನುಡಿಸೋಕೆ ಯಾರಿಗೂ ಬರಲ್ಲ, ಸದ್ಯ ಮಳೇಲಿ ನೆನೆಯೋದಿಲ್ಲ, ಅಷ್ಟೇ. ನಾನು ಹೊಳೆನರಸೀಪುರಕ್ಕೆ ತಂಗಿ ಮನೆಗೆ ಓಯ್ತೀನಿ."

ಹೊಳೆನರಸೀಪುರದಿಂದ ಅರಕಲಗೂಡಿಗೆ ಗಂಟೆಯ ದಾರಿ. ಎಪ್ಪತ್ತರ ಹೆಂಗಸು ಆ ಕೈ ಇಟ್ಟುಕೊಂಡು ಬಸ್ಸು ಹತ್ತಿ ಅಲ್ಲಿಗೆ ಹೋಗಿ ನುಡಿಸುವುದಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ನನಗೆ ಇನ್ನಿಲ್ಲದ ನಾಚಿಕೆಯಾಯಿತು. ಇನ್ನೂ ಏನೂ ಕೈಮೀರಿರಲಿಲ್ಲ. ಮನೆ ನನ್ನದು, ಬಾಮೈದ ಇನ್ನೂ ಸಾಮಾನು ತಂದಿರಲಿಲ್ಲ, ಹೆಗಲ ಮೇಲೆ ಶಾಲು ಇತ್ತು, ಹೋಗಬೇಡಿ ಎಂಬ ಮಾತು ಆ ಮಧ್ಯಾಹ್ನದಿಂದ ತಯಾರಾಗಿ ಕೂತಿತ್ತು. ಬಾಯಿ ತೆರೆದೆ.

"ಹಾಗಾದರೆ ಈ ತಿಂಗಳ ಕೊನೆಯೊಳಗೆ ಆಗಬಹುದಾ?" ಎಂದೆ.

"ಆಯ್ತದೆ ಮೇಷ್ಟ್ರೆ," ಎಂದರು ಟೀಚರು. ಕಾಫಿ ಮುಗಿಸಿ ಲೋಟ ಕೆಳಗಿಟ್ಟು, ನನ್ನ ಕನ್ನಡ ಬಹಳ ಚೆನ್ನಾಗಿತ್ತು ಎಂದೂ ಹೇಳಿದರು.